ಬೆಳ್ಳಿಯ ತೋಳ

ಈ ಸಲದ ಅರ್ಧ ವಾರ್ಷಿಕ ಪರೀಕ್ಷೆಯ ರಜೆ ಮುಗಿದು ಶಾಲೆ ತೆರೆದ ಮೊದಲನೆಯ ದಿನ. ಒಂಬತ್ತನೆಯ ತರಗತಿಯಲ್ಲಿ ಹಾಜರಿ ಹಾಕಿ ನಾನು ಪುಸ್ತಕ ತೆರೆಯುವಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ನಮ್ಮ ಮಾವ ಕೆನಡಾದಿಂದ ಒಂದು ಬೆಳ್ಳಿ ದುಡ್ಡು ತಂದಿದ್ದಾರೆ, ತೋರಿಸಲಾ?" ಎಂದಳು. ತೋರಿಸು ಎಂದೆ. ದುಂಡನೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಎಷ್ಟೋ ಅಗಲವಾದ, ಹೊಳೆಯುವ ನಾಣ್ಯ. ಒಂದು ಮಗ್ಗುಲಲ್ಲಿ ಎಲಿಜಬೆತ್ ರಾಣಿಯ ಮುಖ. ಇನ್ನೊಂದರಲ್ಲಿ ಒಂದು ಪ್ರಾಣಿ. ಅದರ ಮೈಮೇಲಿನ ಕೂದಲನ್ನು ಎಣಿಸಬಹುದೇನೋ ಎನ್ನುವಷ್ಟು ನಯವಾದ ಕೆತ್ತನೆ. ಒಬ್ಬ ಅದನ್ನು ನಾಯಿ ಎಂದ. ಇನ್ನೊಬ್ಬ ಕೆನ್ನಾಯಿ ಎಂದ. ಸಾಮಾನ್ಯವಾಗಿ ಬಾಯಿ ಬಿಡದ, ಹಿಂದಿನ ಬೆಂಚಿನ ಹುಡುಗನೊಬ್ಬ, "ತೋಳ ಸಾರ್ ಅದು" ಎಂದು ತೀರ್ಪು ಕೊಟ್ಟ. ಅವನ ಮಾತೇ ಸರಿಯಾಗಿತ್ತು. ಅಂದು ವ್ಯಾಕರಣ ಪಾಠ ನಡೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನ ವಾರ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಅವರು ನಮ್ಮ ತಾಳವಾಡಿ ಸೀಮೆಯ ರೈತರು, ಎರಡು ಎಕರೆಯಲ್ಲಿ ಅರಿಸಿನ, ರಾಗಿ ಬೆಳೆಯುವವರು. ಆ ನಾಣ್ಯದ ಮಾಲೆಯಲ್ಲಿ ಒಟ್ಟು ಆರು ಪ್ರಾಣಿಗಳಿವೆಯೆಂದು ಭಾವಮೈದುನ ಹೇಳಿದ್ದರಂತೆ. "ಅರಿಸಿನದ ದುಡ್ಡು ಸ್ವಲ್ಪ ಉಳಿದದೆ. ಮಿಕ್ಕ ಐದೂ ತರಿಸಿಟ್ರೆ ಮಗಳ ಮದುವೆ ಹೊತ್ತಿಗೆ ಏನಾದ್ರೂ ಆದದಾ ಸಾರ್? ನೀವು ಓದಿದವರು, ಹೇಳಿ" ಎಂದರು. ಹೇಳಲು ನನಗೇನು ಗೊತ್ತಿತ್ತು? ನಾನು ಕನ್ನಡ ಪಂಡಿತ. ಬೆಳ್ಳಿಯ ವ್ಯಾಪಾರವನ್ನು ಕಂಡವನಲ್ಲ. ಓದಿ ತಿಳಿದು ಹೇಳುತ್ತೇನೆಂದು ಕಳುಹಿಸಿದೆ. ಓದುತ್ತ ಹೋದಂತೆ ಅದು ಬರಿಯ ಬೆಳ್ಳಿಯ ಲೆಕ್ಕವಾಗಿ ಉಳಿಯಲಿಲ್ಲ. ಇಂಥ ಪ್ರಶ್ನೆ ಬೇರೆ ಪೋಷಕರಿಗೂ ಬರಬಹುದೆಂದು ನನ್ನ ಅಭಿಪ್ರಾಯವನ್ನು ಈ ಸಂಚಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ಬೆಳ್ಳಿಯ ಮಾತನ್ನು ಮುಗಿಸಿಬಿಡೋಣ. ಕೆನಡಾದ ಸರ್ಕಾರಿ ಟಂಕಸಾಲೆ 2011ರಿಂದ 2013ರವರೆಗೆ ವರ್ಷಕ್ಕೆ ಎರಡರಂತೆ ಆರು ಬೆಳ್ಳಿ ನಾಣ್ಯಗಳನ್ನು ಹೊರಡಿಸಿತು. ತೋಳ, ಗ್ರಿಜ್ಲಿ ಕರಡಿ, ಕೂಗರ್ ಎಂಬ ದೊಡ್ಡ ಬೆಕ್ಕು, ಮೂಸ್ ಎಂಬ ಭಾರಿ ಕೊಂಬಿನ ಜಿಂಕೆ, ಪ್ರಾಂಗ್‌ಹಾರ್ನ್, ಕಾಡು ಬೈಸನ್. (ಇವುಗಳಲ್ಲಿ ಪ್ರಾಂಗ್‌ಹಾರ್ನ್ ಬಯಲುಸೀಮೆಯ ಪ್ರಾಣಿ, ಕಾಡಿನವರ ನಡುವೆ ಅದು ಹೇಗೆ ಬಂದು ಸೇರಿತೋ!) ಒಂದೊಂದರ ತೂಕ ಒಂದು ಔನ್ಸ್, ಎಂದರೆ 31.1 ಗ್ರಾಂ, ನಮ್ಮ ಹಿರಿಯರ ಲೆಕ್ಕದಲ್ಲಿ ಎರಡೂಮುಕ್ಕಾಲು ತೊಲಕ್ಕೆ ಸ್ವಲ್ಪ ಕಡಿಮೆ. ಬೆಳ್ಳಿ ಬಹುಮಟ್ಟಿಗೆ ಅಪ್ಪಟ, ಹತ್ತು ಸಾವಿರದಲ್ಲಿ 9,999 ಪಾಲು. ಮೇಲೆ 5 ಡಾಲರ್ ಎಂದು ಅಚ್ಚಾಗಿದೆ. ಆದರೆ ಅದನ್ನು ಕೊಟ್ಟು 5 ಡಾಲರಿನ ಸಾಮಾನು ಕೊಳ್ಳುವ ದಡ್ಡ ಯಾರೂ ಇಲ್ಲ, ಏಕೆಂದರೆ ಒಳಗಿನ ಬೆಳ್ಳಿಯ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಹೆಸರಿಗೆ ಹಣ, ನಿಜಕ್ಕೆ ಕೂಡಿಡುವ ವಸ್ತು.

ಹಾಗಾದರೆ ಕೂಡಿಟ್ಟರೆ ಲಾಭವಲ್ಲವೇ? ಮೊದಲ ನಾಣ್ಯಗಳು ಮಾರಾಟಕ್ಕೆ ಬಂದ ಕಾಲದಲ್ಲೇ, 2011ರ ಏಪ್ರಿಲ್‌ನಲ್ಲಿ, ಔನ್ಸ್ ಬೆಳ್ಳಿಯ ಬೆಲೆ ಅಮೆರಿಕದ 50 ಡಾಲರಿನ ಸಮೀಪಕ್ಕೆ ಏರಿತು. ಜನ ಮುಗಿಬಿದ್ದು ಕೊಂಡರು. 2013 ಮುಗಿಯುವ ಹೊತ್ತಿಗೆ ಅದು 20 ಡಾಲರಿನ ಆಸುಪಾಸಿಗೆ ಕುಸಿಯಿತು. ಮತ್ತೆ 50ನ್ನು ದಾಟಿದ್ದು 2025ರಲ್ಲಿ. ನಮ್ಮ ಈ ವಿದ್ಯಾರ್ಥಿನಿ ಹುಟ್ಟಿದ ವರ್ಷ ಕೊಂಡವರು, ಕೊಟ್ಟ ಡಾಲರು ಕೈಗೆ ಬರಬೇಕಾದರೆ ಅವಳು ಒಂಬತ್ತನೆಯ ತರಗತಿಗೆ ಬರುವವರೆಗೆ ಕಾಯಬೇಕಾಯಿತು. ರೂಪಾಯಿಯ ಬೆಲೆಯೂ ಇಳಿದಿದ್ದರಿಂದ ನಮ್ಮ ಲೆಕ್ಕದಲ್ಲಿ ನಷ್ಟ ಅಷ್ಟು ಕಾಣದೆ ಇರಬಹುದು. ಅದು ಸಂತೋಷಪಡುವ ವಿಷಯವೇನೂ ಅಲ್ಲ. ಇದರ ಮೇಲೆ ಕೊಳ್ಳುವಾಗ ಬೆಳ್ಳಿಯ ಬೆಲೆಯಲ್ಲದೆ ಅಚ್ಚಿನ ಕೂಲಿ, ಡಬ್ಬಿ, ಮಾರುವವನ ಪಾಲು ಎಲ್ಲವನ್ನೂ ತೆರಬೇಕು. ಮಾರಲು ಚಾಮರಾಜನಗರದ ಪೇಟೆಗೆ ಹೋದರೆ ಅಂಗಡಿಯವರು ಏನು ಮಾಡುತ್ತಾರೆ? ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ತಕ್ಕಡಿಗೆ ತೋಳವೂ ಒಂದೇ, ಕಾಲುಂಗುರವೂ ಒಂದೇ.

ಸಂಗ್ರಹಕಾರರು ಹೆಚ್ಚು ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತಾರೆ, ನಾಣ್ಯ ಅಪರೂಪವಾಗಿದ್ದರೆ. ಈ ಮಾಲೆಯ ಒಂದೊಂದು ಪ್ರಾಣಿಯನ್ನು ಹತ್ತು ಲಕ್ಷದಷ್ಟು ಅಚ್ಚು ಹಾಕಿದ್ದಾರೆ. ಹತ್ತು ಲಕ್ಷ ಇರುವುದನ್ನು ಅಪರೂಪ ಎನ್ನಲು ನನ್ನ ಕನ್ನಡ ಒಪ್ಪುವುದಿಲ್ಲ. ಅಲ್ಲದೆ ಸಂಗ್ರಹಕಾರರಿಗೆ ನಾಣ್ಯ ಟಂಕಸಾಲೆಯಿಂದ ಬಂದ ಹಾಗೆಯೇ ಇರಬೇಕು, ಕೈ ಬೆರಳಿನ ಗುರುತೂ ತಾಗಿರಬಾರದು. ಈ ಮಾತು ಹೇಳಿದಾಗ ಆ ತಂದೆಯವರ ಮುಖ ಸಣ್ಣದಾಯಿತು. ಸ್ವಲ್ಪ ಮಂಕಾಗಿ ಕಂಡಿತೆಂದು ಮನೆಯಾಕೆ ಹಬ್ಬದ ದಿನ ಡಬ್ಬಿ ತೆಗೆದು, ದೇವರ ದೀಪಗಳ ಜೊತೆಗೆ ತೋಳಕ್ಕೂ ವಿಭೂತಿ ಹಾಕಿ ಚೆನ್ನಾಗಿ ಉಜ್ಜಿದ್ದರಂತೆ.

ನಿಜವಾದ ಅಪರೂಪ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಪ್ರಸಂಗವಿದೆ. ನಮ್ಮ ಅಜ್ಜಿಯರ ಟ್ರಂಕಿನಲ್ಲಿದ್ದ ಬೆಳ್ಳಿ ರೂಪಾಯಿ ಗೊತ್ತಲ್ಲ, ಒಂದು ತೊಲ ತೂಗುವುದು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಮೊದಲ ರೂಪಾಯಿ ಬಂದಾಗ, ಅವನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯನ್ನು ಕೊರೆದಿದ್ದರು. ಸೊಂಡಿಲು ಎಷ್ಟು ಗಿಡ್ಡವಾಗಿತ್ತೆಂದರೆ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ದೊಡ್ಡ ಗದ್ದಲವಾಗಿ ಸರ್ಕಾರ ನಾಣ್ಯಗಳನ್ನು ಹಿಂದಕ್ಕೆ ಪಡೆದು, 1912ರ ಅಚ್ಚಿನಲ್ಲಿ ಆನೆಯನ್ನು ತಿದ್ದಿತು. ಆ 'ಹಂದಿ ರೂಪಾಯಿ'ಗೆ ಇಂದಿಗೂ ಬೇಡಿಕೆಯಿದೆ. ಆನೆಯನ್ನು ನಿತ್ಯ ಕಾಣುವ ನಮ್ಮೂರ ಹುಡುಗನನ್ನು ಕೇಳಿದ್ದರೆ ಒಂದೇ ಗೀಟಿನಲ್ಲಿ ಸರಿಯಾಗಿ ಬರೆದುಕೊಡುತ್ತಿದ್ದ! ಆ ನಾಣ್ಯದ ಅಪರೂಪ ಒಂದು ತಪ್ಪಿನಿಂದ ತಾನಾಗಿ ಬಂದದ್ದು. ಈಗಿನ ನಾಣ್ಯಗಳದು ಹಾಗಲ್ಲ. ಎಷ್ಟು ಅಚ್ಚು ಹಾಕಬೇಕೆಂದು ಮೊದಲೇ ಗೊತ್ತುಮಾಡಿ, 'ಇಷ್ಟೇ' ಎಂದು ಸಾರಿ ಮಾರುತ್ತಾರೆ.

ಇಷ್ಟು ಆ ತಂದೆಯವರ ಪ್ರಶ್ನೆಗೆ ಉತ್ತರ. ಮದುವೆಗೆಂದು ಐದು ನಾಣ್ಯ ಬೇಡ. ಆದರೆ ಓದುವಾಗ ನನಗೆ ಸಿಕ್ಕಿದ ಇನ್ನೊಂದು ಕಥೆ ನಾಣ್ಯದ ಬೆಲೆಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿಯಿತು. ವಿದ್ಯಾರ್ಥಿಗಳು ಮುಖ್ಯವಾಗಿ ಅದನ್ನು ಓದಬೇಕೆಂಬುದು ನನ್ನ ಆಸೆ.

ಕೆನಡಾದವರಿಗೆ ನಾಣ್ಯದ ಮೇಲೆ ಕಾಡುಪ್ರಾಣಿಯನ್ನು ಬರೆಯುವುದು ಹೊಸದಲ್ಲ. ಅವರ ದಿನಬಳಕೆಯ 25 ಸೆಂಟಿನ ನಾಣ್ಯದ ಮೇಲೆ, ಕೆಲವು ವರ್ಷಗಳನ್ನು ಬಿಟ್ಟರೆ, 1937ರಿಂದಲೂ ಕ್ಯಾರಿಬೂ ಎಂಬ ಪ್ರಾಣಿಯ ತಲೆಯಿದೆ. ಬರೆದವರು ಇಮ್ಯಾನುಯೆಲ್ ಹಾನ್ ಎಂಬ ಶಿಲ್ಪಿ. ಆಗ ಆ ನಾಣ್ಯದಲ್ಲಿ ಐದರಲ್ಲಿ ನಾಲ್ಕು ಪಾಲು ಬೆಳ್ಳಿ. ಬೆಳ್ಳಿ ತುಟ್ಟಿಯಾಗಿ 1968ರಲ್ಲಿ ನಿಕ್ಕಲ್ ಬಂತು, ಈಗಿನದು ಉಕ್ಕಿನದು. ಲೋಹ ಬದಲಾದರೂ ಕ್ಯಾರಿಬೂ ಬದಲಾಗಲಿಲ್ಲ. ಹಳೆಯ ಬೆಳ್ಳಿಯವನ್ನು ಸಂಗ್ರಹಕಾರರು ಆರಿಸಿ ಎತ್ತಿಡುತ್ತಾರೆ.

ಕ್ಯಾರಿಬೂ ನಮ್ಮ ಕಡವೆಯ ದೂರದ ನೆಂಟ. ಅದರಲ್ಲಿ ಹೆಣ್ಣಿಗೂ ಕೊಂಬುಂಟು. ಗೊರಸು ಅಗಲ, ಹಿಮದಲ್ಲಿ ಹೂತುಹೋಗದೆ ನಡೆಯಲು ಅನುಕೂಲ. ಕೆನಡಾದ ದಕ್ಷಿಣದ ಬೆಟ್ಟಗಳಲ್ಲಿರುವ ಕ್ಯಾರಿಬೂಗಳ ಚಳಿಗಾಲದ ಆಹಾರ ಏನು ಗೊತ್ತೇ? ಹಳೆಯ ಮರಗಳ ಕೊಂಬೆಗಳಿಂದ ಗಡ್ಡದಂತೆ ಇಳಿಬಿದ್ದಿರುವ ಒಂದು ಬಗೆಯ ಕಲ್ಲುಹೂವು. ನಿಮ್ಮ ಅಮ್ಮ ಮಸಾಲೆಗೆ ಹುರಿಯುತ್ತಾರಲ್ಲ, ಅದರ ಬಳಗದ್ದೇ. ಹಿಮ ಆಳುದ್ದ ಬಿದ್ದು ಗಟ್ಟಿಯಾದಷ್ಟೂ ಕ್ಯಾರಿಬೂ ಅದರ ಮೇಲೆ ನಿಂತು ಎತ್ತರದ ಕೊಂಬೆಗೆ ಬಾಯಿ ಹಾಕುತ್ತದೆ. ಎಂಥ ಏರ್ಪಾಡು ನೋಡಿ! ಆದರೆ ಆ ಕಲ್ಲುಹೂವು ಹೇರಳವಾಗಿ ಬೆಳೆಯಲು ಮರಕ್ಕೆ ನೂರರ ಹತ್ತಿರ ವಯಸ್ಸಾಗಬೇಕು. ಮುದಿಮರ ಕಡಿದು ಸಸಿ ನೆಟ್ಟೆವಲ್ಲ ಎಂದರೆ ಕ್ಯಾರಿಬೂವಿನ ಹಸಿವು ನೂರು ವರ್ಷ ಕಾಯುವುದಿಲ್ಲ.

ಅಲ್ಲಿ ನಡೆದದ್ದು ಅದೇ. ಮರದ ವ್ಯಾಪಾರಕ್ಕೆ ಹಳೆಯ ಕಾಡನ್ನು ಕಡಿದರು. ಕಡಿದ ಜಾಗದಲ್ಲಿ ಎಳೆಯ ಪೊದೆಗಳು ಚಿಗುರಿದವು. ಎಳೆ ಚಿಗುರಿಗೆ ಮೂಸ್‌ಗಳೂ ಬೇರೆ ಜಿಂಕೆಗಳೂ ಬಂದು ಹೆಚ್ಚಿದವು. ಅವುಗಳ ಬೆನ್ನಿಗೆ ತೋಳಗಳು ಬಂದವು, ಮರ ಸಾಗಿಸಲು ಮಾಡಿದ ದಾರಿಗಳಲ್ಲೇ ಸಲೀಸಾಗಿ. ಮೂಸ್ ಬೇಟೆಗೆಂದು ಬಂದ ತೋಳದ ಬಾಯಿಗೆ ಕ್ಯಾರಿಬೂವೂ ಸಿಕ್ಕಿತು. ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿ ಅದನ್ನು ತಾಳಿಕೊಳ್ಳಲು ಸಾಧ್ಯವೇ? ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ, 1885ರಲ್ಲಿ ಏರ್ಪಟ್ಟ ಬ್ಯಾನ್ಫ್‌ನಲ್ಲಿ ಕೊನೆಗೆ ಐದೇ ಕ್ಯಾರಿಬೂ ಉಳಿದಿದ್ದವು. 2009ರಲ್ಲಿ ಹಿಮ ಕುಸಿದು ಅವೂ ಸತ್ತವು. ಕೆನಡಾ ಮತ್ತು ಅಮೆರಿಕದ ಗಡಿಯ ಎರಡು ಕಡೆಗೂ ಓಡಾಡುತ್ತಿದ್ದ ದಕ್ಷಿಣ ಸೆಲ್ಕರ್ಕ್ ಬೆಟ್ಟದ ಹಿಂಡನ್ನು 2018ರ ವಸಂತದಲ್ಲಿ ಎಣಿಸಿದಾಗ ಸಿಕ್ಕಿದ್ದು ಮೂರು, ಮೂರೂ ಹೆಣ್ಣು. 2019ರ ಜನವರಿಯಲ್ಲಿ ಆ ಹಿಂಡಿನಲ್ಲಿ ಕಂಡ ಕಡೆಯ ಹೆಣ್ಣನ್ನು ಹಿಡಿದು ಬೇರೆ ಕಡೆಯ ಕೊಟ್ಟಿಗೆಗೆ ಸಾಗಿಸಿದರು. ಗಡಿಯ ಆಚೆ ಈಚೆ ಎರಡು ಭಾಷೆಯಲ್ಲಿ ಬದುಕುವ ನಮಗೆ, ಗಡಿ ತಿಳಿಯದ ಆ ಹಿಂಡಿನ ಮೇಲೆ ಸ್ವಲ್ಪ ಹೆಚ್ಚು ಮರುಕ ಬಂದರೆ ತಪ್ಪಲ್ಲ. ಆ ಬೆಟ್ಟದ ತಪ್ಪಲಿನ ಊರುಗಳಲ್ಲಿ ಅಂದೂ ಜನ ಜೇಬಿನಿಂದ ಕ್ಯಾರಿಬೂ ನಾಣ್ಯ ತೆಗೆದು ಚಿಲ್ಲರೆ ಕೊಡುತ್ತಿದ್ದಿರಬೇಕು.

ಇನ್ನೊಂದು ಸಂಗತಿ ಕೇಳಿ. ಉಳಿದ ಕ್ಯಾರಿಬೂಗಳನ್ನು ಕಾಪಾಡಲು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಸರ್ಕಾರ 2015ರಿಂದ ಹೆಲಿಕಾಪ್ಟರುಗಳಿಂದ ತೋಳಗಳನ್ನು ಗುಂಡಿಟ್ಟು ಕೊಲ್ಲಿಸಲು ತೊಡಗಿತು. 2011ರಲ್ಲಿ ಬೆಳ್ಳಿಯಲ್ಲಿ ಕೊರೆದು ಲೋಕಕ್ಕೆಲ್ಲ ಮಾರಿದ ಅದೇ ತೋಳ. ಕೊಲ್ಲದಿದ್ದರೆ ಕ್ಯಾರಿಬೂ ಉಳಿಯುವುದಿಲ್ಲವೆಂದು ಕೆಲವು ತಜ್ಞರು, ಕಾಡು ಕಡಿಯುವುದನ್ನು ನಿಲ್ಲಿಸದೆ ತೋಳವನ್ನು ಕೊಂದು ಫಲವೇನೆಂದು ಬೇರೆಯವರು. ನನ್ನ ಮಟ್ಟಿಗೆ ಎರಡನೆಯವರ ಮಾತು ಸರಿಯೆಂದು ತೋರುತ್ತದೆ. ಆದರೆ ಮೂರೇ ಪ್ರಾಣಿ ಉಳಿದಿರುವ ಹಿಂಡಿನ ಮುಂದೆ ನಿಂತವರಿಗೆ ವಾದ ಮಾಡುವಷ್ಟು ಸಮಯವೂ ಇರಲಿಲ್ಲವೆಂಬುದನ್ನು ಒಪ್ಪಬೇಕು.

ಕ್ಯಾರಿಬೂ, ತೋಳ, ಮೂಸ್ ಮೂರೂ ಕೆನಡಾದ ನಾಣ್ಯಗಳ ಮೇಲಿವೆ. ಸಂಗ್ರಹಕಾರನ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಒಂದೊಂದು ಡಬ್ಬಿ; ಒಂದರ ಗಾಳಿ ಇನ್ನೊಂದಕ್ಕೆ ತಾಗುವುದಿಲ್ಲ. ಕಾಡಿನಲ್ಲಿ ಒಂದು ಮುದಿಮರ ಬಿದ್ದರೆ ಮೂರರ ಹಣೆಬರಹವೂ ಬದಲಾಗುತ್ತದೆ. ನಾಣ್ಯದ ಮೇಲೆ ಪ್ರಾಣಿಯನ್ನು ಬರೆಯುವವರ ಮೇಲೆ ನನಗಿರುವ ದೂರು ಇದೊಂದೇ. ಚಿತ್ರ ಎಷ್ಟೇ ಸುಂದರವಾಗಿರಲಿ, ಪ್ರಾಣಿಯನ್ನು ಕಾಡಿನಿಂದ ಬಿಡಿಸಿ ತಂದು ಒಂಟಿಯಾಗಿ ನಿಲ್ಲಿಸುತ್ತದೆ. ಅದನ್ನೇ ನೋಡಿ ಬೆಳೆದ ಮಗು, ತೋಳವೆಂದರೆ ತೋಳ ಮಾತ್ರ ಎಂದುಕೊಳ್ಳುತ್ತದೆ.

ಹಾಗೆಂದು ನಾಣ್ಯಗಳಿಂದ ಏನೂ ಪ್ರಯೋಜನವಿಲ್ಲ ಎನ್ನಲಾರೆ. 1974ರಿಂದ ಕೆಲವು ವರ್ಷ, ವಿಶ್ವ ವನ್ಯಜೀವಿ ನಿಧಿಯ ಸಹಕಾರದಿಂದ ಹಲವು ದೇಶಗಳು ಅಳಿವಿನಂಚಿನ ಪ್ರಾಣಿಗಳ ಬೆಳ್ಳಿ ನಾಣ್ಯಗಳನ್ನು ಹೊರಡಿಸಿ, ಮಾರಾಟದ ಒಂದು ಪಾಲನ್ನು ಆ ಜೀವಿಗಳ ರಕ್ಷಣೆಗೇ ಕೊಟ್ಟವು. ನೇಪಾಳವೂ ಅವುಗಳಲ್ಲಿ ಒಂದು. ಕೊಳ್ಳುವವರು ಈ ಪ್ರಶ್ನೆಯನ್ನು ಕೇಳಬೇಕು: ನಾನು ಕೊಟ್ಟ ದುಡ್ಡಿನಲ್ಲಿ ಪ್ರಾಣಿಗೆ ಎಷ್ಟು ಸಿಕ್ಕಿತು?

ಮಾಲೆಯ ಆರನೆಯ ನಾಣ್ಯದ ಕಾಡು ಬೈಸನ್ ಒಂದು ಕಾಲಕ್ಕೆ ಬೆರಕೆಯಾಗಿ ಮುಗಿದೇಹೋಯಿತೆಂದು ಎಲ್ಲರೂ ತಿಳಿದಿದ್ದರು. 1957ರಲ್ಲಿ ಒಂದು ಮೂಲೆಯಲ್ಲಿ ಅದರ ಹಿಂಡು ಕಣ್ಣಿಗೆ ಬಿತ್ತು. ಅದನ್ನು ಜೋಪಾನ ಮಾಡಿ ಬೆಳೆಸಿ, 2015ರಲ್ಲಿ ಅಲಾಸ್ಕದ ಕಾಡಿಗೂ ಬಿಟ್ಟಿದ್ದಾರೆ. ಕ್ಯಾರಿಬೂವಿಗೂ ಇಂಥ ಒಂದು ಕಡೆಯಿದೆ. ಕ್ಲಿನ್ಸೆ-ಜಾ ಎಂಬ ಬೆಟ್ಟಗಳಲ್ಲಿ ವೆಸ್ಟ್ ಮೊಬರ್ಲಿ ಮತ್ತು ಸಾಲ್ಟೋ ಎಂಬ ಮೂಲನಿವಾಸಿ ಜನಾಂಗದವರು, ಬಸುರಿ ಕ್ಯಾರಿಬೂಗಳನ್ನು ಬೇಲಿಯೊಳಗೆ ತಂದು, ಹಗಲೂ ರಾತ್ರಿ ಕಾವಲಿದ್ದು, ಮರಿಗೆ ಬಲ ಬಂದ ಮೇಲೆ ಕಾಡಿಗೆ ಬಿಡುತ್ತಾರೆ. ತಿನ್ನಿಸಲು ಕಲ್ಲುಹೂವನ್ನು ಕೈಯಿಂದಲೇ ಬಿಡಿಸಿ ಮೂಟೆ ಕಟ್ಟಿ ತರುತ್ತಾರೆ. ಅಲ್ಲಿಯೂ ತೋಳಗಳನ್ನು ಕೊಂದದ್ದುಂಟು, ಮುಚ್ಚಿಡುವುದು ಸರಿಯಲ್ಲ. 2013ರಲ್ಲಿ 38 ಇದ್ದ ಆ ಹಿಂಡು 2021ಕ್ಕೆ 101 ಆಯಿತು. ಕೂಡಿಡುವುದೆಂದರೆ ಇದೂ ಒಂದು ಕೂಡಿಡುವಿಕೆಯೇ.

ಇದನ್ನೆಲ್ಲ ಆ ತಂದೆಯವರಿಗೆ ಒಂದು ಸಂಜೆ ಹೇಳಿದೆ. ಅವರು ಎಲ್ಲ ಕೇಳಿ, "ಆ ತೋಳ ನಮ್ಮ ಆಡಿನ ದೊಡ್ಡಿಗೆ ನುಗ್ಗಿದ್ರೆ ಬೆಳ್ಳಿ ಮೇಲೆ ಬರೀತಿದ್ರಾ ಸಾರ್?" ಎಂದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಮಾತಿನಲ್ಲಿ ಸತ್ಯವಿದೆ. ಕೆನಡಾದಲ್ಲೂ ದನ ಸಾಕುವವರು ತೋಳವನ್ನು ದ್ವೇಷಿಸಿದ್ದುಂಟು, ತಲೆಗಿಷ್ಟು ಎಂದು ಬಹುಮಾನ ಕೊಟ್ಟು ಕೊಲ್ಲಿಸಿದ್ದುಂಟು. ದೂರದ ನಗರದಲ್ಲಿ ಕುಳಿತವನಿಗೆ ಬೆಳ್ಳಿಯ ಮೇಲಿನ ಪ್ರಾಣಿಯನ್ನು ಪ್ರೀತಿಸುವುದು ಬಹಳ ಸುಲಭ. ನಮ್ಮಲ್ಲಿ ಹಾಗಲ್ಲ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಅಪ್ಪನ ಜೊತೆ ಆನೆ ಕಾದು, ಬೆಳಿಗ್ಗೆ ನನ್ನ ಪಾಠದಲ್ಲಿ ತೂಕಡಿಸುವ ಹುಡುಗರಿದ್ದಾರೆ. ನಾನು ಅವರನ್ನು ಎಬ್ಬಿಸುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಹುಲಿ ಯೋಜನೆಗೆ 50 ವರ್ಷ ತುಂಬಿದ್ದಕ್ಕಾಗಿ ಮೈಸೂರಿನಲ್ಲಿ ಒಂದು ಸ್ಮರಣೆಯ ನಾಣ್ಯವನ್ನು ಬಿಡುಗಡೆ ಮಾಡಿದರು. ಅಲ್ಲಿಂದ ನಮ್ಮ ಸತ್ಯಮಂಗಲದ ಹುಲಿ ಕಾಡು ಎಷ್ಟು ದೂರ? ಅದು ಕೂಡ ಸಂಗ್ರಹಕಾರರ ನಾಣ್ಯವೇ. ಕಾಡಂಚಿನ ಯಾವ ರೈತನ ಕೈಗೂ ಚಿಲ್ಲರೆಯಾಗಿ ಬಂದದ್ದನ್ನು ನಾನು ಕಂಡಿಲ್ಲ.

ಆದರೂ ಆ ತಂದೆಯವರಿಗೆ ಒಂದು ಮಾತು ಹೇಳಿದೆ. ನಮ್ಮ ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲು ಕಾಣೆಯಾದದ್ದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಆನೆ ನಿಮ್ಮ ಕಬ್ಬಿಗೆ ಬರುವುದಕ್ಕೂ ಆ ಹುಲ್ಲಿಗೂ ಸಂಬಂಧವಿಲ್ಲವೇ? ತೋಳ ಕ್ಯಾರಿಬೂವಿನ ಬಳಿಗೆ ಬಂದ ಕಥೆಯೂ ಹೀಗೆಯೇ ಅಲ್ಲವೇ? ಅವರು ತಲೆಯಾಡಿಸಿದರು. ಒಪ್ಪಿದರೋ, ಮೇಷ್ಟರ ಮಾತೆಂದು ಸುಮ್ಮನಾದರೋ ತಿಳಿಯದು. ಅರಿಸಿನದ ದುಡ್ಡಿನಲ್ಲಿ ನಾಣ್ಯ ತರಿಸುವ ಯೋಚನೆಯನ್ನಂತೂ ಬಿಟ್ಟಿದ್ದಾರೆ. ಸೋಲಾರ್ ಬೇಲಿಗೆ ಹಾಕುತ್ತಾರಂತೆ.

ನನ್ನ ಹಳೆಯ ಡಬ್ಬಿಯಲ್ಲಿ ಘೇಂಡಾಮೃಗದ ಚಿತ್ರವಿರುವ 25 ಪೈಸೆಯ ನಾಲ್ಕು ನಾಣ್ಯಗಳಿದ್ದವು. 1988ರಿಂದ ಅಚ್ಚಾದವು, ಉಕ್ಕಿನವು. 2011ರ ಜೂನ್ ಕೊನೆಗೆ ಸರ್ಕಾರ ಅವುಗಳ ಚಲಾವಣೆಯನ್ನು ನಿಲ್ಲಿಸಿತು. ನಾಣ್ಯ ಸತ್ತರೂ ಪ್ರಾಣಿ ಬದುಕಿದೆ. ಅಸ್ಸಾಮಿನ ಕಾಜಿರಂಗದಲ್ಲಿ 2022ರ ಎಣಿಕೆಯಂತೆ 2,613 ಘೇಂಡಾಮೃಗಗಳಿದ್ದವು. ಅವುಗಳಲ್ಲಿ ಒಂದು ನಾಣ್ಯವನ್ನು ತರಗತಿಗೆ ತೆಗೆದುಕೊಂಡು ಹೋಗಿ ತೋಳದ ಪಕ್ಕದಲ್ಲಿಟ್ಟೆ. ಮಕ್ಕಳು ಬೆಳ್ಳಿಯನ್ನು ಬಿಟ್ಟು ಘೇಂಡಾಮೃಗದ ಸುತ್ತ ಮುಗಿಬಿದ್ದರು. ಕೈಯಲ್ಲಿ ಹಿಡಿದು ನೋಡಬಹುದಿತ್ತಲ್ಲ, ಅದಕ್ಕೆ.

ತೋಳ ಈಗಲೂ ಆ ಹುಡುಗಿಯ ಬಳಿಯೇ ಇದೆ, ವಿಭೂತಿಯ ಗೀರುಗಳೊಂದಿಗೆ. ಮುಂದಿನ ಸಲ ಬರುವಾಗ ಕ್ಯಾರಿಬೂ ಇರುವ 25 ಸೆಂಟಿನ ನಾಣ್ಯ ತರಬೇಕೆಂದು ಅವಳು ಮಾವನಿಗೆ ಹೇಳಿದ್ದಾಳೆ. ಅದಕ್ಕೆ ನಮ್ಮ ಲೆಕ್ಕದಲ್ಲಿ ಹದಿನೈದು, ಹದಿನಾರು ರೂಪಾಯಿ. ತರಗತಿಗೆಲ್ಲ ಒಂದೊಂದು ತರಲು ಆಗುತ್ತದೆಯೇ ಎಂದು ಕೇಳು ಎಂದಿದ್ದೇನೆ.